ಮಳೆಗಾಲದ ಸೊಳ್ಳೆ, ಮಳೆ ನಿಂತ ಮೇಲಿನ ಜ್ವರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಡಿನ ಪಕ್ಕದ ಹಳ್ಳಿಯವರದು. ಎಲ್ಲದರಲ್ಲೂ ಸೊಳ್ಳೆಯದೇ ಮಾತು. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ಎರಡೇ ಮಾತು. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಸಂಜೆಯಾದರೆ ನಮ್ಮ ಊರಲ್ಲಿ ಹೊರಗೆ ಕೂರೋಕೆ ಆಗಲ್ಲ, ಅಷ್ಟು ಸೊಳ್ಳೆ. ಆಗ ಮಲೇರಿಯಾ ಅಷ್ಟಾಗಿ ಕಾಣುವುದಿಲ್ಲ. ಮಳೆ ನಿಂತು, ಅಬ್ಬಾ ಸೊಳ್ಳೆ ಕಡಿಮೆಯಾಯಿತು ಅನ್ನುವಷ್ಟರಲ್ಲಿ ಒಬ್ಬೊಬ್ಬರಾಗಿ ಚಳಿಜ್ವರ ಅಂತ ಮಲಗುತ್ತಾರೆ. ಇದು ಯಾವ ಲೆಕ್ಕ?

ಉತ್ತರ: ಲೆಕ್ಕ ಅಂತ ಕೇಳಿದ್ದೀರಿ, ಹಾಕಿಯೇ ಬಿಡೋಣ.

ಮಳೆ ಬಿದ್ದು ಗುಂಡಿಯಲ್ಲಿ ನೀರು ನಿಂತಿತು ಅಂದುಕೊಳ್ಳಿ. ಹೆಣ್ಣು ಸೊಳ್ಳೆ ಅಲ್ಲಿ ಮೊಟ್ಟೆ ಇಟ್ಟರೆ ಎರಡು ಮೂರು ದಿನಕ್ಕೆ ಮರಿಹುಳು ಹೊರಬರುತ್ತದೆ. ಅದು ನಾಲ್ಕು ಸಲ ಪೊರೆ ಕಳಚಿ, ಕೋಶವಾಗಿ, ರೆಕ್ಕೆ ಬಂದು ಹಾರುವಷ್ಟರಲ್ಲಿ ಬೆಚ್ಚಗಿನ ಹವೆಯಲ್ಲಿ 10ರಿಂದ 14 ದಿನ ಆಗಿರುತ್ತದೆ. ಹೀಗೆ ಹೊಸದಾಗಿ ಹಾರಿದ ಸೊಳ್ಳೆಯ ಮೈಯಲ್ಲಿ ಮಲೇರಿಯಾ ಇರುವುದಿಲ್ಲ, ತಾಯಿ ಸೊಳ್ಳೆಯಿಂದ ಮೊಟ್ಟೆಗೆ ಈ ರೋಗಾಣು ದಾಟುವುದಿಲ್ಲ. ಅದು ಮೊದಲು ರೋಗಾಣು ಇರುವ ಮನುಷ್ಯನನ್ನು ಕಚ್ಚಬೇಕು. ಕಚ್ಚಿದ ಕೂಡಲೇ ಹರಡುತ್ತದಾ ಅಂದರೆ ಅದೂ ಇಲ್ಲ. ರೋಗಾಣು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಗಂಟು ಕಟ್ಟಿಕೊಂಡು ಬೆಳೆದು, ಗಂಟು ಒಡೆದು, ಜೊಲ್ಲಿನ ಗ್ರಂಥಿಗೆ ಬಂದು ಸೇರಬೇಕು. ಮಲೇರಿಯಾ ತರುವ ಮುಖ್ಯ ರೋಗಾಣು ಎರಡು ಬಗೆ, ಫಾಲ್ಸಿಪಾರಂ ಮತ್ತು ವೈವಾಕ್ಸ್. 25 ಡಿಗ್ರಿ ಉಷ್ಣಾಂಶದಲ್ಲಿ ಫಾಲ್ಸಿಪಾರಂಗೆ ಇದಕ್ಕೆ ಸುಮಾರು 12 ದಿನ ಬೇಕು, ವೈವಾಕ್ಸ್‌ಗೆ ಸುಮಾರು 10 ದಿನ. ಆಮೇಲೆ ಆ ಸೊಳ್ಳೆ ನಿಮ್ಮನ್ನು ಕಚ್ಚಿದರೆ ಜ್ವರ ಬರಲು ಇನ್ನೊಂದು ವಾರದಿಂದ ಎರಡೂವರೆ ವಾರ. ಎಲ್ಲ ಕೂಡಿಸಿ ನೋಡಿ. ಗುಂಡಿ ತುಂಬಿದ ದಿನದಿಂದ ಮೊದಲ ಜ್ವರಕ್ಕೆ ಕಡಿಮೆ ಅಂದರೂ ಒಂದು ತಿಂಗಳು, ಸಾಮಾನ್ಯವಾಗಿ ಒಂದೂವರೆ ತಿಂಗಳು. ಇದು ಮೊದಲ ಸುತ್ತು ಮಾತ್ರ. ಆ ರೋಗಿಯಿಂದ ಇನ್ನೊಂದಿಷ್ಟು ಸೊಳ್ಳೆಗೆ, ಅಲ್ಲಿಂದ ಪಕ್ಕದ ಮನೆಗೆ ಅಂತ ಎರಡನೇ ಸುತ್ತು ಶುರುವಾಗುವಾಗ ಮಳೆ ಹೊರಟುಹೋಗಿರುತ್ತದೆ.

ಇಷ್ಟೇ ಆಗಿದ್ದರೆ ಬರೀ ತಡ ಅಂತ ಹೇಳಿ ಮುಗಿಸಬಹುದಿತ್ತು. ಅಸಲಿ ವಿಷಯ ಸೊಳ್ಳೆಯ ವಯಸ್ಸು. ಸೊಳ್ಳೆಗಳು ದಿನಾ ಸಾಯುತ್ತಿರುತ್ತವೆ. ಜೇಡ, ಹಲ್ಲಿ, ಬಾವಲಿ, ಗಾಳಿ, ಒಣಹವೆ, ನಮ್ಮ ಕೈ, ಎಲ್ಲವೂ ಅವಕ್ಕೆ ಶತ್ರುವೇ. ರೋಗಿಯನ್ನು ಕಚ್ಚಿದ 100 ಸೊಳ್ಳೆ ತಗೊಳ್ಳಿ. ದಿನಕ್ಕೆ ನೂರಕ್ಕೆ 10ರಂತೆ ಸತ್ತರೆ 12 ದಿನ ಕಳೆದಾಗ 28 ಉಳಿದಿರುತ್ತವೆ. ನೂರಕ್ಕೆ 20ರಂತೆ ಸತ್ತರೆ 7 ಮಾತ್ರ. ನೂರಕ್ಕೆ 30 ಆದರೆ ಒಂದೇ ಒಂದು. ದಿನದ ಸಾವಿನಲ್ಲಿ ಸ್ವಲ್ಪ ಏರುಪೇರಾದರೂ ಅಪಾಯ ಎಷ್ಟು ಪಟ್ಟು ಬದಲಾಗುತ್ತದೆ ನೋಡಿ. ಅದಕ್ಕೇ ಊರಲ್ಲಿ ಎಷ್ಟು ಸೊಳ್ಳೆ ಇವೆ ಅನ್ನುವುದಕ್ಕಿಂತ, ಎರಡು ವಾರ ದಾಟಿ ಬದುಕಿದವು ಎಷ್ಟು ಅಂತ ಕೇಳಬೇಕು.

ಜೋರು ಮಳೆಯ ದಿನಗಳಲ್ಲಿ ನಿಮ್ಮನ್ನು ಮುತ್ತುವ ಸೊಳ್ಳೆಗಳಲ್ಲಿ ಬಹುಪಾಲು ನಿನ್ನೆ ಮೊನ್ನೆ ಹುಟ್ಟಿದವು. ಮಳೆ ಇಳಿಮುಖವಾದಾಗ ಹೊಸ ಹುಟ್ಟು ಕಡಿಮೆಯಾಗುತ್ತದೆ, ಆದರೆ ಗಾಳಿಯಲ್ಲಿ ತೇವ ಇನ್ನೂ ಇರುತ್ತದೆ, ಬಿಸಿಲು ಹದವಾಗಿರುತ್ತದೆ, ಇದ್ದ ಸೊಳ್ಳೆಗಳು ಆರಾಮಾಗಿ ಬದುಕುತ್ತವೆ. ಒಟ್ಟು ಸಂಖ್ಯೆ ಇಳಿದಿರುತ್ತದೆ, ಅದರಲ್ಲಿ ಮುದಿ ಸೊಳ್ಳೆಗಳ ಪಾಲು ಏರಿರುತ್ತದೆ.

ಇದನ್ನು ಸುಮ್ನೆ ಅಂದಾಜಿನ ಮೇಲೆ ಹೇಳುತ್ತಿಲ್ಲ, ಸೊಳ್ಳೆಯ ವಯಸ್ಸು ನೋಡುವ ವಿಧಾನವೇ ಇದೆ. ಹಿಡಿದ ಹೆಣ್ಣು ಸೊಳ್ಳೆಯ ಹೊಟ್ಟೆಯ ತುದಿಯನ್ನು ಸೂಜಿಯಿಂದ ಮೆಲ್ಲಗೆ ಎಳೆದರೆ ಅಂಡಾಶಯ ಹೊರಬರುತ್ತದೆ. ಅದನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ಒಣಗಲು ಬಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅಂಡಾಶಯದ ತುಂಬ ಕೂದಲಿಗಿಂತ ಸಣ್ಣ ಗಾಳಿ ಕೊಳವೆಗಳು ಹರಡಿರುತ್ತವೆ. ಒಮ್ಮೆಯೂ ಮೊಟ್ಟೆ ಇಡದ ಸೊಳ್ಳೆಯಲ್ಲಿ ಆ ಕೊಳವೆಗಳ ತುದಿ ನೂಲಿನ ಉಂಡೆಯ ಹಾಗೆ ಸುತ್ತಿಕೊಂಡಿರುತ್ತದೆ. ಒಮ್ಮೆ ಮೊಟ್ಟೆ ತುಂಬಿ ಅಂಡಾಶಯ ಹಿಗ್ಗಿತು ಅಂದರೆ ಆ ಸುತ್ತು ಬಿಚ್ಚಿಹೋಗುತ್ತದೆ, ಮತ್ತೆ ಸುತ್ತಿಕೊಳ್ಳುವುದಿಲ್ಲ. ಹಿಡಿದ ನೂರು ಸೊಳ್ಳೆಯಲ್ಲಿ ಎಷ್ಟರಲ್ಲಿ ಸುತ್ತು ಬಿಚ್ಚಿದೆ ಅಂತ ಎಣಿಸಿದರೆ ಆ ಊರಿನ ಸೊಳ್ಳೆಗಳು ಎಳೆಯವೋ ಬಲಿತವೋ ಗೊತ್ತಾಗುತ್ತದೆ. ಸೊಳ್ಳೆ ಎಣಿಕೆಯ ಪಟ್ಟಿ ಜೊತೆ ಈ ಎಣಿಕೆ ಇಲ್ಲದಿದ್ದರೆ ಆ ಪಟ್ಟಿಯಿಂದ ಅಪಾಯದ ಅಂದಾಜು ಅರ್ಧಂಬರ್ಧವೇ ಸಿಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ: ಮನೆ ಹಿಂದಿನ ಚರಂಡಿಯಲ್ಲಿ ಸೊಳ್ಳೆ ಮರಿ ಕುದಿಯುತ್ತಿರುತ್ತವೆ. ಅವೇ ಅಲ್ವಾ ಮಲೇರಿಯಾ ತರುವುದು? ಚರಂಡಿ ಮುಚ್ಚಿಸಿದರೆ ಸಾಕಲ್ಲವೇ?

ಉತ್ತರ: ಚರಂಡಿ ಮುಚ್ಚಿಸಿ, ಖಂಡಿತ ಮುಚ್ಚಿಸಿ. ಆದರೆ ಅಲ್ಲಿ ಕೊಳೆ ನೀರಲ್ಲಿ ಹುಟ್ಟುವುದು ಹೆಚ್ಚಾಗಿ ಕ್ಯೂಲೆಕ್ಸ್. ಅದು ನಿದ್ದೆ ಕೆಡಿಸುತ್ತದೆ, ಕೆಲವು ಕಡೆ ಆನೆಕಾಲು ರೋಗ ಹರಡುತ್ತದೆ, ಮನುಷ್ಯನಿಗೆ ಮಲೇರಿಯಾ ತರುವುದಿಲ್ಲ. ಹಗಲಲ್ಲಿ ಕಚ್ಚುವ, ಕಾಲಿಗೆ ಬಿಳಿ ಪಟ್ಟೆ ಇರುವ ಕಪ್ಪು ಸೊಳ್ಳೆ ಈಡಿಸ್. ಅದು ಡೆಂಗಿಯ ಪಾಲಿನದು. ಮಲೇರಿಯಾ ತರುವುದು ಅನಾಫಿಲಿಸ್. ಅದರಲ್ಲೂ 450ಕ್ಕಿಂತ ಜಾಸ್ತಿ ಜಾತಿಗಳಿವೆ, ರೋಗ ಹರಡುವುದರಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುವವು 40ರ ಆಸುಪಾಸು.

ಗುರುತು ಹಿಡಿಯುವುದು ಕಷ್ಟವಲ್ಲ. ನೀರಿನಲ್ಲಿ ಮರಿಹುಳು ನೋಡಿ. ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡುತ್ತಿದ್ದರೆ ಅದು ಅನಾಫಿಲಿಸ್ ಅಲ್ಲ, ಬಾಲದ ತುದಿಯ ಕೊಳವೆಯಿಂದ ಉಸಿರಾಡುವ ಕ್ಯೂಲೆಕ್ಸೋ ಈಡಿಸ್ಸೋ ಇರಬೇಕು. ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಅಡ್ಡಡ್ಡ ಮಲಗಿದ್ದರೆ ಅನಾಫಿಲಿಸ್, ಅದಕ್ಕೆ ಆ ಕೊಳವೆ ಇರುವುದಿಲ್ಲ. ದೊಡ್ಡ ಸೊಳ್ಳೆಯಾದರೆ ಗೋಡೆ ಮೇಲೆ ಕೂತ ಭಂಗಿ ನೋಡಿ, ಅನಾಫಿಲಿಸ್ ತಲೆ ತಗ್ಗಿಸಿ ಹಿಂಭಾಗ ಮೇಲೆತ್ತಿ ಕೂರುತ್ತದೆ, ರೆಕ್ಕೆಯಲ್ಲಿ ಸಾಮಾನ್ಯವಾಗಿ ಕಪ್ಪು ಬಿಳುಪು ಚುಕ್ಕೆಗಳಿರುತ್ತವೆ. ಇದರಲ್ಲೂ ಒಂದು ತರಲೆ ಇದೆ. ಅನಾಫಿಲಿಸ್ ಕ್ಯುಲಿಸಿಫೇಸಿಸ್ ಅನ್ನುವ ಜಾತಿ ಹೆಚ್ಚುಕಮ್ಮಿ ಕ್ಯೂಲೆಕ್ಸ್ ತರಹವೇ ಕೂರುತ್ತದೆ. ಹಾಗಾಗಿ ಬರೀ ಭಂಗಿ ನೋಡಿ ತೀರ್ಮಾನಕ್ಕೆ ಬರಬೇಡಿ, ಮರಿಹುಳುವನ್ನೂ ನೋಡಿ.

ಪ್ರಶ್ನೆ: ನಮ್ಮ ಊರ ಪಕ್ಕ ಕಾಡಿನ ಹಳ್ಳ ಹರಿಯುತ್ತದೆ. ಮಳೆಗಾಲದಲ್ಲಿ ಉಕ್ಕಿ ಹರಿಯುತ್ತದೆ, ಬೇಸಿಗೆಯಲ್ಲಿ ಬಂಡೆ ಕಾಣುತ್ತದೆ. ಯಾವ ತಿಂಗಳಲ್ಲಿ ಮಲೇರಿಯಾ ಸೊಳ್ಳೆ ಜಾಸ್ತಿ ಅಂತ ಹೇಳಿದರೆ ಆಗ ಮಾತ್ರ ಜಾಗ್ರತೆ ವಹಿಸಬಹುದಿತ್ತು.

ಉತ್ತರ: ತಿಂಗಳು ಹೇಳಿದರೆ ನಿಮಗೂ ಸುಲಭ, ನನಗೂ ಸುಲಭ. ಆದರೆ ಸೊಳ್ಳೆ ನೋಡುವುದು ನೀರನ್ನು. ಒಂದೊಂದು ಜಾತಿಗೆ ಒಂದೊಂದು ತರಹದ ನೀರು ಬೇಕು, ಆ ನೀರು ಯಾವಾಗ ತಯಾರಾಗುತ್ತದೋ ಅದೇ ಆ ಸೊಳ್ಳೆಯ ಕಾಲ.

ನಿಮ್ಮದು ಹಳ್ಳ ಅಲ್ವಾ, ಅದರಿಂದಲೇ ಶುರು ಮಾಡೋಣ. ಬೆಟ್ಟದ ತಪ್ಪಲಿನ ತಿಳಿನೀರಿನ ತೊರೆಗಳಲ್ಲಿ ಹುಟ್ಟುವ ಜಾತಿಗಳಿವೆ. ಭಾರತದ ಕಾಡು ಗುಡ್ಡಗಳಲ್ಲಿ ಅನಾಫಿಲಿಸ್ ಫ್ಲೂವಿಯಾಟಿಲಿಸ್, ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯಾದ ತನಕ ಅನಾಫಿಲಿಸ್ ಮಿನಿಮಸ್. ಇವಕ್ಕೆ ನೀರು ನಿಧಾನವಾಗಿ ಹರಿಯಬೇಕು, ದಡದಲ್ಲಿ ಹುಲ್ಲು ಬಾಗಿರಬೇಕು. ಮೊಣಕಾಲುದ್ದ ನೀರಿಗಿಳಿದು ನಡುವೆ ಹುಡುಕಿದರೆ ಒಂದೂ ಸಿಗುವುದಿಲ್ಲ, ದಡದ ಹುಲ್ಲಿನ ಬುಡದಲ್ಲಿ ಅಂಗೈ ಅಗಲ ನೀರು ನಿಂತ ಹಾಗಿರುತ್ತದಲ್ಲ, ಅಲ್ಲಿ ಸಿಗುತ್ತವೆ. ಹಳ್ಳ ಉಕ್ಕಿದರೆ ಮೊಟ್ಟೆ ಮರಿ ಎಲ್ಲ ಕೊಚ್ಚಿಕೊಂಡು ಹೋಗುತ್ತವೆ. ಆದ್ದರಿಂದ ಇಂಥ ಸೊಳ್ಳೆಗಳಿಗೆ ಧೋ ಅಂತ ಮಳೆ ಸುರಿಯುವ ವಾರಗಳು ಕೆಟ್ಟ ಕಾಲ. ಮಳೆ ನಿಂತು, ಕೆಂಪು ನೀರು ತಿಳಿಯಾಗಿ, ದಡದಲ್ಲಿ ಹುಲ್ಲು ಮತ್ತೆ ಚಿಗುರಿದಾಗ ಇವುಗಳ ಕಾಲ ಶುರು. ಫ್ಲೂವಿಯಾಟಿಲಿಸ್ ಅಂತೂ ಚಳಿಗಾಲದ ತಿಂಗಳುಗಳಲ್ಲಿ ಹೆಚ್ಚು ಕಾಣುವ ಜಾಗಗಳಿವೆ.

ಈಗ ಹಳ್ಳ ಬಿಟ್ಟು ಕಾಡಿನ ಒಳಗೆ ಬನ್ನಿ. ಅಲ್ಲಿನ ಕಥೆ ಉಲ್ಟಾ. ಆಗ್ನೇಯ ಏಷ್ಯಾದ ದಟ್ಟ ಕಾಡುಗಳ ಅನಾಫಿಲಿಸ್ ಡೈರಸ್, ಈಶಾನ್ಯ ಭಾರತ ಮತ್ತು ಮ್ಯಾನ್ಮಾರ್ ಕಡೆಯ ಅದರ ಬಂಧು ಅನಾಫಿಲಿಸ್ ಬೈಮಾಯಿ, ಇವು ಮರದ ನೆರಳಿನ ಪುಟ್ಟ ಗುಂಡಿಗಳಲ್ಲಿ ಮೊಟ್ಟೆ ಇಡುತ್ತವೆ. ಆನೆ ಹೆಜ್ಜೆಯ ಗುಂಡಿ, ದನದ ಗೊರಸಿನ ಗುರುತು, ಮರ ಸಾಗಿಸುವ ಲಾರಿ ಚಕ್ರದ ಜಾಡು. ಬೇಸಿಗೆಯಲ್ಲಿ ಇವೆಲ್ಲ ಒಣಗಿರುತ್ತವೆ. ಮಳೆ ಶುರುವಾದ ಕೂಡಲೇ ಕಾಡಿನ ನೆಲದ ಮೇಲೆ ಇಂಥ ಸಾವಿರಾರು ಗುಂಡಿ ತುಂಬಿಕೊಳ್ಳುತ್ತವೆ, ಸೊಳ್ಳೆಯೂ ಆಗಲೇ ಏರುತ್ತದೆ. ಡೈರಸ್ ಗುಂಪಿನ ಇನ್ನೊಂದು ಗುಣ, ಸಂಖ್ಯೆ ಕಡಿಮೆ ಇದ್ದರೂ ತುಂಬ ಅಪಾಯಕಾರಿ. ಮನುಷ್ಯನ ರಕ್ತವೇ ಇಷ್ಟ, ಆಯುಸ್ಸೂ ಜಾಸ್ತಿ. ಮೊದಲ ಉತ್ತರದ ಲೆಕ್ಕವನ್ನು ಇದಕ್ಕೆ ಹಾಕಿ ನೋಡಿದರೆ ಯಾಕೆ ಅಂತ ತಿಳಿಯುತ್ತದೆ.

ಎರಡೂ ತರಹದ ನೀರು ಇರುವ ಕಡೆ ಏನಾಗುತ್ತದೆ? ಮಳೆಗಾಲದಲ್ಲಿ ಕಾಡಿನ ಗುಂಡಿಯ ಸೊಳ್ಳೆ, ಅದು ಇಳಿಯುವಾಗ ಹಳ್ಳದ ಸೊಳ್ಳೆ, ಒಂದರ ಪಾಳಿ ಮುಗಿಯುತ್ತಿದ್ದ ಹಾಗೆ ಇನ್ನೊಂದರ ಪಾಳಿ. ಆಫ್ರಿಕಾದಲ್ಲೂ ಇದೇ ಏರ್ಪಾಡು. ಅಲ್ಲಿ ಮಳೆ ಬಿದ್ದ ಕೂಡಲೇ ಬಿಸಿಲು ಬೀಳುವ ಸಣ್ಣ ಗುಂಡಿಗಳಲ್ಲಿ ಅನಾಫಿಲಿಸ್ ಗ್ಯಾಂಬಿಯೇ ಏರುತ್ತದೆ. ಮಳೆ ಮುಗಿಯುವ ಹೊತ್ತಿಗೆ, ಗಿಡಗಂಟಿ ಬೆಳೆದ ಜೌಗು, ಕೆರೆ ಅಂಚುಗಳಲ್ಲಿ ಅನಾಫಿಲಿಸ್ ಫ್ಯುನೆಸ್ಟಸ್ ಬಲಿತುಕೊಂಡು ಒಣ ತಿಂಗಳುಗಳ ತನಕ ರೋಗವನ್ನು ಎಳೆದುಕೊಂಡು ಹೋಗುತ್ತದೆ. ಅಮೆಜಾನ್ ಕಾಡಿನ ಮುಖ್ಯ ಸೊಳ್ಳೆ ಅನಾಫಿಲಿಸ್ ಡಾರ್ಲಿಂಗಿಗೆ ನದಿಯ ಅಂಚು ಬೇಕು. ಅಲ್ಲಿ ಎಷ್ಟೋ ಕಡೆ ನೆರೆ ಇಳಿದು ನೀರು ಅಲ್ಲಲ್ಲಿ ನಿಂತಾಗ ಸೊಳ್ಳೆ ಕಾಟ ಹೆಚ್ಚು.

ಹಾಗಾಗಿ ನಿಮ್ಮ ಹಳ್ಳಕ್ಕೆ ನನ್ನ ಉತ್ತರ: ನೀರು ಕೆಂಪಾಗಿ ಉಕ್ಕುವಾಗ ಸ್ವಲ್ಪ ಉಸಿರಾಡಿ, ತಿಳಿಯಾದ ದಿನದಿಂದ ಹುಷಾರಾಗಿರಿ. ಬೇಸಿಗೆಯಲ್ಲಿ ಬಂಡೆ ಕಾಣುತ್ತದೆ ಅಂದಿರಲ್ಲ, ಬಂಡೆ ಸಂದಿಯ ಹೊಂಡಗಳನ್ನು ಮರೆಯಬೇಡಿ. ಯಾಕೆ ಅಂತ ಮುಂದಿನ ಪ್ರಶ್ನೆಯಲ್ಲಿದೆ.

ಪ್ರಶ್ನೆ: ಈ ವರ್ಷ ಮಳೆ ಕೈಕೊಟ್ಟಿದೆ. ಬೆಳೆ ಹೋಯಿತು, ಕನಿಷ್ಠ ಮಲೇರಿಯಾನಾದರೂ ಕಡಿಮೆ ಇರಬಹುದಾ?

ಉತ್ತರ: ಹಾಗೆ ನಂಬಿ ಕೂರಬೇಡಿ. ಶ್ರೀಲಂಕಾದಲ್ಲಿ 1934ರಲ್ಲಿ ಮಳೆ ಕೈಕೊಟ್ಟಿತು. ವರ್ಷವಿಡೀ ತುಂಬಿ ಹರಿಯುವ ನದಿಗಳು ಬತ್ತಿ ಸಾಲುಸಾಲು ಹೊಂಡಗಳಾದವು. ನದಿ ಪಾತ್ರದ ಇಂಥ ಹೊಂಡ ಅಂದರೆ ಅಲ್ಲಿನ ಮುಖ್ಯ ಸೊಳ್ಳೆ ಕ್ಯುಲಿಸಿಫೇಸಿಸ್‌ಗೆ ಪ್ರಾಣ. 1934ರ ಕೊನೆಗೆ ಶುರುವಾದ ಮಲೇರಿಯಾ 1935ರಲ್ಲೂ ಮುಂದುವರಿದು ಸುಮಾರು 80 ಸಾವಿರ ಜನ ಸತ್ತರು. ಅದೂ ಎಲ್ಲಿ? ಸಾಮಾನ್ಯವಾಗಿ ಜಾಸ್ತಿ ಮಳೆ ಬೀಳುವ, ಮಲೇರಿಯಾ ಅಷ್ಟಾಗಿ ಇಲ್ಲದ ಭಾಗದಲ್ಲಿ ಹೊಡೆತ ಜೋರಾಗಿತ್ತು. ಅಲ್ಲಿನವರ ಮೈಗೆ ಈ ರೋಗದ ಅಭ್ಯಾಸ ಇರಲಿಲ್ಲ, ಬರದಿಂದ ಹೊಟ್ಟೆಗೂ ಸರಿಯಾಗಿ ಇರಲಿಲ್ಲ. ಅದೇ ಶ್ರೀಲಂಕಾ 2016ರಲ್ಲಿ ಮಲೇರಿಯಾ ಮುಕ್ತ ದೇಶ ಅಂತ ವಿಶ್ವ ಆರೋಗ್ಯ ಸಂಸ್ಥೆಯಿಂದ ಪ್ರಮಾಣಪತ್ರ ಪಡೆಯಿತು, ಅದು ಬೇರೆ ಮಾತು.

ಹರಿಯುವ ನದಿ ನಿಂತರೆ ಹೊಂಡ. ಅಷ್ಟೇ ವಿಷಯ. ಸಣ್ಣ ತೊರೆ ಪೂರ್ತಿ ಒಣಗಿ ಹೋದರೆ ಸೊಳ್ಳೆ ಕಡಿಮೆಯಾಗುವುದೂ ನಿಜವೇ. ನಿಮ್ಮ ಊರಿನ ನೀರು ಇದರಲ್ಲಿ ಯಾವುದು ಅಂತ ನೀವೇ ಹೋಗಿ ನೋಡಬೇಕು.

ಪ್ರಶ್ನೆ: ಬೇಸಿಗೆಯಲ್ಲಿ ಎಲ್ಲ ಒಣಗಿ, ತಿಂಗಳುಗಟ್ಟಲೆ ಒಂದು ಹನಿ ನೀರು ನಿಲ್ಲದ ಜಾಗದಲ್ಲೂ ಮೊದಲ ಮಳೆಗೆ ಸೊಳ್ಳೆ ಎಲ್ಲಿಂದ ಬರುತ್ತದೆ?

ಉತ್ತರ: ಒಳ್ಳೆ ಪ್ರಶ್ನೆ, ವಿಜ್ಞಾನಿಗಳೂ ದಶಕಗಟ್ಟಲೆ ಇದರ ಹಿಂದೆ ಬಿದ್ದಿದ್ದರು. ಆಫ್ರಿಕಾದ ಮಾಲಿ ದೇಶದಲ್ಲಿ, ಸಹಾರಾ ಮರುಭೂಮಿಯ ಅಂಚಿನ ಊರೊಂದರಲ್ಲಿ ಒಣಗಾಲ ಶುರುವಾಗುವ ಮುಂಚೆ ಸಾವಿರಾರು ಸೊಳ್ಳೆ ಹಿಡಿದು, ಮೈಗೆ ಬಣ್ಣದ ಗುರುತು ಹಾಕಿ ಬಿಟ್ಟರು. ಏಳು ತಿಂಗಳ ಮೇಲೆ, ಮತ್ತೆ ಮಳೆ ಶುರುವಾದಾಗ, ಗುರುತಿದ್ದ ಒಂದು ಹೆಣ್ಣು ಸೊಳ್ಳೆ ಸಿಕ್ಕಿತು. ಒಂದೇ ಒಂದು. ಆದರೆ ಕೆಲವು ವಾರ ಬದುಕುವ ಹುಳ ಅಂತ ನಾವು ಅಂದುಕೊಂಡದ್ದು ಏಳು ತಿಂಗಳು ಎಲ್ಲೋ ಅಡಗಿ ಬದುಕಿತ್ತು ಅನ್ನುವುದಕ್ಕೆ ಅದೊಂದೇ ಸಾಕು. ಇದು 2010ರಲ್ಲಿ ಪ್ರಕಟವಾದ ಕೆಲಸ. ಅದೇ ಸೀಮೆಯಲ್ಲಿ ಆಮೇಲೆ ಬಲೂನಿಗೆ ಬಲೆ ಕಟ್ಟಿ ಮೇಲೆ ಬಿಟ್ಟು ನೋಡಿದಾಗ, ರಾತ್ರಿ ಗಾಳಿಯಲ್ಲಿ ನೂರಾರು ಅಡಿ ಎತ್ತರದಲ್ಲಿ ಅನಾಫಿಲಿಸ್ ಸೊಳ್ಳೆಗಳು ತೇಲಿಹೋಗುವುದೂ ಕಂಡಿತು. ಅಂದರೆ ಕೆಲವು ಅಡಗುತ್ತವೆ, ಕೆಲವು ದೂರದಿಂದ ಗಾಳಿಯಲ್ಲಿ ಬರುತ್ತವೆ.

ಕಾಡಿನ ಪಕ್ಕ ಇಷ್ಟು ಕಷ್ಟಪಡಬೇಕಿಲ್ಲ. ದಟ್ಟ ನೆರಳು, ಒರತೆ, ಬಂಡೆ ಕೆಳಗಿನ ಹೊಂಡ ಎಲ್ಲಾದರೂ ಒಂದು ಕಡೆ ಇದ್ದೇ ಇರುತ್ತದೆ. ಅಲ್ಲಿ ಸ್ವಲ್ಪ ಸೊಳ್ಳೆ ಉಳಿದಿದ್ದರೆ ಸಾಕು, ಒಂದು ಹೆಣ್ಣು ಒಂದು ಸಲಕ್ಕೆ 50ರಿಂದ 200 ಮೊಟ್ಟೆ ಇಡುತ್ತದೆ. ಮಳೆ ಬರುವ ಮುಂಚೆ ಇಂಥ ಕೊನೆಯ ಹೊಂಡಗಳನ್ನು ಹುಡುಕಿ ಸರಿ ಮಾಡುವುದು ಮಳೆಗಾಲದಲ್ಲಿ ಸಾವಿರ ಗುಂಡಿ ಹಿಂದೆ ಓಡುವುದಕ್ಕಿಂತ ಸಾವಿರ ಪಾಲು ಸುಲಭ. ಯಾರೂ ಮಾಡುವುದಿಲ್ಲ, ಆಗ ಸೊಳ್ಳೆ ಕಚ್ಚುವುದಿಲ್ಲವಲ್ಲ!

ಪ್ರಶ್ನೆ: ನನಗೆ ಮಳೆಗಾಲದ ಕೊನೆಗೆ ವೈವಾಕ್ಸ್ ಮಲೇರಿಯಾ ಬಂದು ವಾಸಿಯಾಯಿತು. ಬೇಸಿಗೆಯಲ್ಲಿ, ಒಂದೂ ಸೊಳ್ಳೆ ಇಲ್ಲದಾಗ ಮತ್ತೆ ಬಂತು. ಸೊಳ್ಳೆ ಇಲ್ಲದೆ ಮಲೇರಿಯಾ ಬರುತ್ತದೆಯೇ?

ಉತ್ತರ: ಬರುತ್ತದೆ, ವೈವಾಕ್ಸ್ ಆದರೆ. ಈ ರೋಗಾಣುವಿನ ಒಂದು ಪಾಲು ಯಕೃತ್ತಿನಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ರಕ್ತದಲ್ಲಿರುವುದನ್ನು ಕೊಲ್ಲುವ ಮಾತ್ರೆ ಅದನ್ನು ಮುಟ್ಟುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆದು ಅದು ಎದ್ದು ರಕ್ತಕ್ಕಿಳಿದರೆ ಮತ್ತೆ ಜ್ವರ. ಇದನ್ನು ತೊಲಗಿಸಲು ಪ್ರೈಮಾಕ್ವಿನ್ ಮಾತ್ರೆ ಇದೆ, ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಮೂರನೇ ದಿನಕ್ಕೆ ಜ್ವರ ಬಿಟ್ಟಿತು ಅಂತ ಮಾತ್ರೆ ನಿಲ್ಲಿಸುವವರೇ ಜಾಸ್ತಿ. ಹಾಗಂತ ನೀವೇ ಅಂಗಡಿಯಿಂದ ತಂದು ನುಂಗಬೇಡಿ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವವರಿಗೆ ಈ ಮಾತ್ರೆಯಿಂದ ರಕ್ತಕಣ ಒಡೆಯುತ್ತವೆ, ಗರ್ಭಿಣಿಯರಿಗಂತೂ ಕೊಡುವುದೇ ಇಲ್ಲ. ವೈದ್ಯರು ನೋಡಿಯೇ ಕೊಡಬೇಕು.

ಇದರಲ್ಲಿ ಸೊಳ್ಳೆಯ ಕಾಲಕ್ಕೂ ಒಂದು ಸಂಬಂಧ ಇದೆ. ಬೇಸಿಗೆಯಲ್ಲಿ ಹೀಗೆ ಮರುಕಳಿಸಿದ ಜ್ವರದವರ ರಕ್ತದಿಂದಲೇ ಮಳೆಗಾಲದ ಮೊದಲ ಸೊಳ್ಳೆಗಳಿಗೆ ರೋಗಾಣು ಸಿಗುವುದು. ಜ್ವರ ಇಲ್ಲದೆ ಓಡಾಡಿಕೊಂಡಿರುವವರ ರಕ್ತದಲ್ಲೂ ಅದು ಇರಬಹುದು.

ಪ್ರಶ್ನೆ: ನಮ್ಮದು ಎತ್ತರದ ಊರು, ಚಳಿ ಜಾಸ್ತಿ. ಇಲ್ಲಿ ಸೊಳ್ಳೆ ಕಚ್ಚಿದರೂ ಮಲೇರಿಯಾ ಬರುವುದಿಲ್ಲ ಅನ್ನುತ್ತಾರೆ.

ಉತ್ತರ: ಚಳಿ ತಿಂಗಳುಗಳಲ್ಲಿ ಅದು ಬಹುಮಟ್ಟಿಗೆ ನಿಜ. ಫಾಲ್ಸಿಪಾರಂ ಸೊಳ್ಳೆಯ ಒಳಗೆ ಬೆಳೆಯಲು 16 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು, ವೈವಾಕ್ಸ್‌ಗೆ ಸುಮಾರು 14.5 ಡಿಗ್ರಿ ದಾಟಿದರೆ ಸಾಕು. 20 ಡಿಗ್ರಿಯಲ್ಲಿ ಫಾಲ್ಸಿಪಾರಂಗೆ ಹತ್ತಿರ ಹತ್ತಿರ 28 ದಿನ ಹಿಡಿಯುತ್ತದೆ, ಅಷ್ಟು ದಿನ ಬದುಕುವ ಸೊಳ್ಳೆ ನೂರರಲ್ಲಿ ಐದೂ ಸಿಗುವುದು ಕಷ್ಟ. ಆದರೆ ಬೆಚ್ಚಗಿನ ತಿಂಗಳುಗಳಲ್ಲಿ ಈ ಮಾತು ನಡೆಯುವುದಿಲ್ಲ. ಜೊತೆಗೆ ಸೊಳ್ಳೆ ಇರುವುದು ಹವಾಮಾನ ವರದಿಯ ಬಯಲಿನಲ್ಲಲ್ಲ, ನಿಮ್ಮ ಒಲೆ ಉರಿಯುವ ಕೋಣೆಯ ಗೋಡೆ ಮೇಲೆ. ಅಲ್ಲಿ ಹೊರಗಿಗಿಂತ ಬಿಸಿ ಇರುತ್ತದೆ. ವಿಪರೀತ ಸೆಕೆಯೂ ಸೊಳ್ಳೆಗೆ ಆಗುವುದಿಲ್ಲ, ಮಲೇರಿಯಾ ಹರಡಲು ಎಲ್ಲಕ್ಕಿಂತ ಹದವಾದದ್ದು 25 ಡಿಗ್ರಿಯ ಆಸುಪಾಸು.

ಪ್ರಶ್ನೆ: ಊರಲ್ಲಿ ಎಲ್ಲರಿಗೂ ಔಷಧಿ ಲೇಪಿಸಿದ ಪರದೆ ಕೊಟ್ಟಿದ್ದಾರೆ. ಹೆಂಗಸರು ಮಕ್ಕಳಿಗೆ ಮಲೇರಿಯಾ ಕಡಿಮೆಯಾಯಿತು. ಕಾಡಿಗೆ ಹೋಗಿ ಬರುವ ಗಂಡಸರಿಗೆ ಮಾತ್ರ ನಿಂತಿಲ್ಲ. ಪರದೆ ಕೆಲಸ ಮಾಡುತ್ತಿಲ್ಲವೇ?

ಉತ್ತರ: ಪರದೆ ಮಾಡುವ ಕೆಲಸ ಮಾಡಿದೆ, ಹೆಂಗಸರು ಮಕ್ಕಳೇ ಸಾಕ್ಷಿ. ಅದು ಕಾಡಿಗೆ ಹೋಗಿಲ್ಲ ಅಷ್ಟೇ. ಮನೆಯೊಳಗೆ ನಡುರಾತ್ರಿ ಕಚ್ಚುವ ಜಾತಿಗಳಿಗೆ ಪರದೆ ಚೆನ್ನಾಗಿ ನಾಟುತ್ತದೆ. ಕಾಡಿನ ಡೈರಸ್‌ನಂಥವು ಕತ್ತಲಾದ ಸ್ವಲ್ಪ ಹೊತ್ತಿಗೇ, ಹೊರಗಡೆಯೇ ಕಚ್ಚಲು ಶುರು ಮಾಡುತ್ತವೆ. ಆಗ ಗಂಡಸರು ಗುಡಿಸಲ ಮುಂದೆ ಬೆಂಕಿ ಹಾಕಿಕೊಂಡು ಮಾತಾಡುತ್ತಾ ಕೂತಿರುತ್ತಾರೆ, ಗುಡಿಸಲಿಗೆ ಗೋಡೆಯೂ ಇರುವುದಿಲ್ಲ. ಮಳೆಗಾಲದಲ್ಲಿ ರಾತ್ರಿ ಕಾಡಿನಲ್ಲಿ ಉಳಿಯಲೇಬೇಕಾದರೆ ಹಗುರವಾದ ಒಂದು ಪರದೆ, ಹಾಸಿಗೆ ತೂಗುಜೋಲಿಯಾದರೆ ಅದಕ್ಕೆ ಹೊಂದುವ ಪರದೆ ಜೊತೆಯಲ್ಲೇ ಇರಲಿ. ಸಂಜೆಗೆ ತುಂಬು ತೋಳಿನ ಅಂಗಿ, ತೆರೆದ ಮೈಗೆ ಸೊಳ್ಳೆ ನಿವಾರಕ ಕ್ರೀಮು. ವಾಪಸು ಬಂದು ಎರಡು ಮೂರು ವಾರದ ಒಳಗೆ ಜ್ವರ ಬಂದರೆ ಒಂದು ದಿನವೂ ಕಾಯದೆ ರಕ್ತ ಪರೀಕ್ಷೆ, ಮತ್ತು ಕಾಡಿಗೆ ಹೋಗಿದ್ದೆ ಅಂತ ಬಾಯಿಬಿಟ್ಟು ಹೇಳುವುದು. ಮೊದಲ ಪರೀಕ್ಷೆಯಲ್ಲಿ ಸಿಗದೆ ಜ್ವರ ಮುಂದುವರಿದರೆ ಮತ್ತೊಮ್ಮೆ ಮಾಡಿಸಿ.

ಮಲೇಷ್ಯಾದ ಕಾಡಂಚಿನಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಕೋತಿಗಳ ಮಲೇರಿಯಾ, ನೋಲೆಸಿ ಅಂತ ಅದರ ಹೆಸರು, ಕಾಡಿನ ಸೊಳ್ಳೆಯ ಮೂಲಕ ಮನುಷ್ಯರಿಗೆ ಬರುತ್ತದೆ. ಮನುಷ್ಯರ ನಡುವೆಯೇ ಹರಡುವ ಮಲೇರಿಯಾದ ಸ್ಥಳೀಯ ಪ್ರಕರಣ 2018ರಲ್ಲಿ ಅಲ್ಲಿ ಸೊನ್ನೆಗಿಳಿಯಿತು, ಕೋತಿಯದು ಮಾತ್ರ ನಿಂತಿಲ್ಲ. ಕೋತಿಗೆ ಪರದೆ ಕಟ್ಟಲಾಗುವುದಿಲ್ಲವಲ್ಲ.

ಅಂದ ಹಾಗೆ, ಪರದೆಯನ್ನು ಬಿಸಿಲಿಗೆ ಒಣಹಾಕಬೇಡಿ, ನೆರಳಲ್ಲಿ ಒಣಗಿಸಿ. ಸುಮಾರು ಮೂರು ವರ್ಷ ಬಾಳುತ್ತದೆ. ಹಳ್ಳದಲ್ಲಿ ಒಗೆಯಬೇಡಿ, ಅದರ ಔಷಧಿ ಮೀನಿಗೆ ವಿಷ.

ಪ್ರಶ್ನೆ: ಊರ ಸುತ್ತಲಿನ ಕಾಡು ಸವರಿಬಿಟ್ಟರೆ ಸೊಳ್ಳೆ ಪೀಡೆ ತಪ್ಪುತ್ತದೆ ಅಂತ ಕೆಲವರ ವಾದ. ನಿಮ್ಮ ಅಭಿಪ್ರಾಯ?

ಉತ್ತರ: ಸೊಳ್ಳೆ ಹೋಗುವುದಿಲ್ಲ, ಸೊಳ್ಳೆಯ ಜಾತಿ ಬದಲಾಗುತ್ತದೆ. ನೆರಳಿನ ಗುಂಡಿ ಬೇಕಾದ ಡೈರಸ್‌ನಂಥವು ಕಡಿಮೆಯಾಗಬಹುದು. ಬಿಸಿಲಿನ ನೀರು ಬೇಕಾದವು ಬಂದು ಸೇರುತ್ತವೆ. ಪೆರು ದೇಶದ ಅಮೆಜಾನ್ ಸೀಮೆಯಲ್ಲಿ ನೋಡಿದಾಗ, ಕಾಡು ಕಡಿದ ಜಾಗಗಳಲ್ಲಿ ಡಾರ್ಲಿಂಗಿ ಸೊಳ್ಳೆ ಕಚ್ಚುವುದು ದಟ್ಟ ಕಾಡಿನ ಜಾಗಗಳಿಗಿಂತ ನೂರಾರು ಪಟ್ಟು ಹೆಚ್ಚಿತ್ತು. ಮರ ಕಡಿದು ಸಾಗಿಸುವಾಗ ಆಗುವ ಚಕ್ರದ ಜಾಡು, ಮಣ್ಣು ತೆಗೆದ ಗುಂಡಿ, ದಾರಿಗೆ ಅಡ್ಡವಾಗಿ ಕಟ್ಟಿಕೊಂಡ ತೊರೆ, ಇವೆಲ್ಲ ಹೊಸ ಸೊಳ್ಳೆ ತೊಟ್ಟಿಲುಗಳೇ. ಮನೆ ಸುತ್ತ ನಾಲ್ಕು ಮಾರು ಪೊದೆ ಸವರಿಕೊಳ್ಳಿ, ಬೇಡ ಅನ್ನುವುದಿಲ್ಲ. ಮಲೇರಿಯಾ ಹೆಸರು ಹೇಳಿ ಕೊಡಲಿ ಎತ್ತುವುದು ಬೇಡ.

ಪ್ರಶ್ನೆ: ಗಪ್ಪಿ ಮೀನು ತಂದು ಹಳ್ಳಕ್ಕೆ ಬಿಡೋಣ ಅಂತಿದ್ದೇವೆ. ಉಪಯೋಗ ಇದೆಯಾ?

ಉತ್ತರ: ಹಳ್ಳಕ್ಕೆ ಬಿಡಬೇಡಿ. ಮೊದಲ ನೆರೆಗೇ ಕೊಚ್ಚಿಹೋಗುತ್ತವೆ, ಉಳಿದವು ಅಲ್ಲಿನ ಸ್ಥಳೀಯ ಮೀನಿಗೆ ತೊಂದರೆ ಕೊಡುತ್ತವೆ. ಗೊರಸಿನ ಗುಂಡಿಯಲ್ಲಿ ಮೀನು ಬದುಕುವುದೂ ಇಲ್ಲ. ಬಾವಿ, ಸಿಮೆಂಟ್ ತೊಟ್ಟಿ, ವರ್ಷವಿಡೀ ನೀರಿರುವ ಸುತ್ತುವರಿದ ಹೊಂಡ ಇದ್ದರೆ ಬಿಡಿ, ಅಲ್ಲಿ ಉಪಯೋಗ ಉಂಟು. ಹಳ್ಳಕ್ಕಾದರೆ ದಡದ ಹುಲ್ಲು ಸವರಿ, ಅಡ್ಡಲಾಗಿ ಬಿದ್ದ ಕಸ ಕೊಂಬೆ ತೆಗೆದು ನೀರು ಓಡುವ ಹಾಗೆ ಮಾಡಿ. ಮಳೆ ನಿಂತ ಮೇಲೆ, ವಾರಕ್ಕೊಮ್ಮೆ. ಮರಿಹುಳು ಸೊಳ್ಳೆಯಾಗಲು ವಾರಕ್ಕಿಂತ ಜಾಸ್ತಿ ಬೇಕಲ್ಲ, ಆದ್ದರಿಂದ ವಾರ ತಪ್ಪಿಸದಿದ್ದರೆ ಸಾಕು.

ಪ್ರಶ್ನೆ: ದನ ಮನೆ ಪಕ್ಕ ಕಟ್ಟಿದರೆ ಸೊಳ್ಳೆ ದನಕ್ಕೆ ಕಚ್ಚಿ ನಮ್ಮನ್ನು ಬಿಡುತ್ತದೆ ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ನಿಜವೇ?

ಉತ್ತರ: ಅಜ್ಜನ ಮಾತಿನಲ್ಲಿ ಹುರುಳಿದೆ, ಆದರೆ ಪೂರ್ತಿ ನಂಬುವ ಹಾಗಿಲ್ಲ. ಕ್ಯುಲಿಸಿಫೇಸಿಸ್‌ನಂಥ ಕೆಲವು ಜಾತಿಗೆ ದನದ ರಕ್ತವೇ ಹೆಚ್ಚು ಇಷ್ಟ. ದನ ಮನೆಯಿಂದ ಸ್ವಲ್ಪ ದೂರದ ಕೊಟ್ಟಿಗೆಯಲ್ಲಿದ್ದರೆ ಸೊಳ್ಳೆ ಅತ್ತ ಹೋಗಬಹುದು. ಅದೇ ಮನೆಯ ಗೋಡೆಗೆ ಅಂಟಿಕೊಂಡ ಕೊಟ್ಟಿಗೆಯಾದರೆ ದನದ ವಾಸನೆಗೆ ಬಂದ ಸೊಳ್ಳೆ ನಿಮ್ಮನ್ನೂ ಕಚ್ಚುತ್ತದೆ. ಇನ್ನೊಂದು ಪೇಚು, ದನದ ರಕ್ತ ಹೊಟ್ಟೆ ತುಂಬ ಸಿಕ್ಕರೆ ಸೊಳ್ಳೆ ಚೆನ್ನಾಗಿ ಬದುಕಿ ಜಾಸ್ತಿ ಮೊಟ್ಟೆ ಇಡುತ್ತದೆ, ಕೊಟ್ಟಿಗೆ ಮುಂದಿನ ಗೊರಸಿನ ಗುಂಡಿಯೇ ಅದಕ್ಕೆ ಜಾಗವಾಗುತ್ತದೆ. ಮನುಷ್ಯನೇ ಬೇಕು ಅನ್ನುವ ಕಾಡಿನ ಜಾತಿಗಳಿಗೆ ಈ ಉಪಾಯ ನಡೆಯುವುದಿಲ್ಲ. ಕೊಟ್ಟಿಗೆ ದೂರ ಇರಲಿ, ಮುಂದಿನ ಗುಂಡಿಗಳಿಗೆ ಮಣ್ಣು ಹಾಕಿ, ಪರದೆ ಮಾತ್ರ ಬಿಡಬೇಡಿ.

ಪ್ರಶ್ನೆ: ಗೋಡೆಗೆ ಔಷಧಿ ಹೊಡೆಯುವವರು ಯಾವಾಗ ಬಂದರೆ ಒಳ್ಳೆಯದು? ನಮ್ಮಲ್ಲಿ ಜ್ವರ ಶುರುವಾದ ಮೇಲೆ ಬರುತ್ತಾರೆ, ಜೊತೆಗೆ ಹೊಗೆಯನ್ನೂ ಬಿಡುತ್ತಾರೆ.

ಉತ್ತರ: ಹೊಗೆ ಆ ಹೊತ್ತಿಗೆ ಹಾರಾಡುತ್ತಿರುವ ಸೊಳ್ಳೆಯನ್ನು ಕೊಲ್ಲುತ್ತದೆ ಅಷ್ಟೇ, ಮಾರನೇ ದಿನಕ್ಕೆ ಏನೂ ಉಳಿದಿರುವುದಿಲ್ಲ. ನೋಡುವವರಿಗೆ ಏನೋ ದೊಡ್ಡ ಕೆಲಸ ನಡೆದ ಹಾಗೆ ಕಾಣುತ್ತದೆ. ಗೋಡೆಯ ಔಷಧಿ ಹಾಗಲ್ಲ, ಬಗೆ ನೋಡಿಕೊಂಡು ಮೂರರಿಂದ ಆರು ತಿಂಗಳು ನಿಲ್ಲುತ್ತದೆ. ರಕ್ತ ಕುಡಿದು ಗೋಡೆ ಮೇಲೆ ಕೂತು ಸುಧಾರಿಸಿಕೊಳ್ಳುವ ಸೊಳ್ಳೆ ಅದರಿಂದ ಸಾಯುತ್ತದೆ, ಅಂದರೆ ಮುದಿಯಾಗುವ ಮೊದಲೇ ಸಾಯುತ್ತದೆ. ಆದ್ದರಿಂದ ಅದು ನಿಮ್ಮ ಊರಿನ ಸೊಳ್ಳೆ ಏರುವ ಮುಂಚೆ ಆಗಬೇಕು. ಕಾಡು ಗುಂಡಿಯ ಸೊಳ್ಳೆಯಾದರೆ ಅದು ಮನೆಯೊಳಗೆ ಕೂರುವುದೇ ಕಡಿಮೆ, ಗೋಡೆ ಔಷಧಿಯಿಂದ ಹೆಚ್ಚು ನಿರೀಕ್ಷೆ ಬೇಡ. ಹಳ್ಳದ ಸೊಳ್ಳೆಯಾದರೆ ಮಳೆ ಇಳಿಯುವ ಮುನ್ನ ಬರುವಂತೆ ಈಗಲೇ ಅರ್ಜಿ ಕೊಡಿ. ಹೊಡೆದು ಹೋದ ಮೇಲೆ ಮಣ್ಣು ಸಾರಿಸುವುದು, ಸುಣ್ಣ ಬಳಿಯುವುದು ಮಾಡಿದರೆ ಔಷಧಿ ಅದರಡಿ ಮುಚ್ಚಿಹೋಗುತ್ತದೆ. ಬಳಿಯುವುದಿದ್ದರೆ ಅವರು ಬರುವ ಮುಂಚೆಯೇ ಬಳಿದು ಒಣಗಿಸಿಟ್ಟುಕೊಳ್ಳಿ. ಮಲಗುವ ಕೋಣೆಗೆ ಬೇಡ ಅಂತ ತಡೆಯಬೇಡಿ, ಸೊಳ್ಳೆ ಕೂರುವುದು ಅಲ್ಲೇ.